ಸಿರಿಂಜಿಗೊಂದು ಅಂಗಿ

“ಇದೇನ್ರೀ ಸಾಹೇಬ್ರ, ಕೋಳಿಗಿ ಹಾಕೋದೇನು?”

ಸೊಂಟ ಹಿಡಿದುಕೊಂಡಿದೆ, ಏಳಲಿಕ್ಕೇ ಆಗುವುದಿಲ್ಲ ಎಂದು ಮಸ್ಕಿಯ ದವಾಖಾನೆಯ ಮಂಚದ ಮೇಲೆ ನರಳುತ್ತಿದ್ದ ಯಮನೂರಮ್ಮ, ಡಾಕ್ಟರ್ ಹನುಮಂತರಾಯರ ಕೈಯಲ್ಲಿದ್ದ ಪುಟ್ಟ ಹೊಸ ಸಿರಿಂಜನ್ನು ಕಂಡದ್ದೇ ತಡ, ಎದ್ದು ಕೂತಳು. ಔಷಧ ಒಳಗೆ ಹೋಗುವ ಮೊದಲೇ ಸಿರಿಂಜು ಇಷ್ಟು ಗುಣ ತೋರಿಸಿದ್ದು ವೈದ್ಯಲೋಕದಲ್ಲಿ ಅದೇ ಮೊದಲಿರಬೇಕು.

ಮೂಲೆಯಲ್ಲಿ ನಿಂತಿದ್ದ ಗಾಯತ್ರಿಯ ಮುಖ ಸಪ್ಪಗಾಯಿತು. ಸಿರಿಂಜು ಅವಳದು. ಅದೇ ಸೀಮೆಯ ಗುರುಗುಂಟಾದ ಈ ಹುಡುಗಿ ಹೈದರಾಬಾದಿನ ಕಂಪನಿಯೊಂದರಲ್ಲಿ ಆಸ್ಪತ್ರೆ ಸಾಮಾನುಗಳ ವಿನ್ಯಾಸ ಮಾಡುತ್ತಿದ್ದಳು. ಬಳಸಿ ಬಿಸಾಡಿದ ಸಿರಿಂಜುಗಳನ್ನು ಗುಡ್ಡ ಹಾಕಿ ಸುಡುವ ಜಾಗವನ್ನು ಒಮ್ಮೆ ಕಣ್ಣಾರೆ ನೋಡಿ ಬಂದ ಮೇಲೆ ಅವಳಿಗೆ ಅದೇ ಧ್ಯಾನ. ದಪ್ಪ ಕೊಳವೆಯನ್ನು ತೆಳುವಾಗಿಸಿದಳು, ಔಷಧ ಒತ್ತುವ ಉದ್ದ ದಂಡವನ್ನು ಗಿಡ್ಡ ಮಾಡಿದಳು, ಕೆಲಸವಿಲ್ಲದೆ ಸುಮ್ಮನೆ ಕೂತಿದ್ದ ಪ್ಲಾಸ್ಟಿಕ್ಕನ್ನೆಲ್ಲ ಹುಡುಕಿ ಹುಡುಕಿ ತೆಗೆದಳು. ಉಳಿದದ್ದು ಹಳೆಯದರ ಅರ್ಧಕ್ಕಿಂತ ಕಡಿಮೆ. ಕಂಪನಿಯವರು ಶಾಲು ಹೊದಿಸಿದರು, ಭೂಮಿತಾಯಿಯ ಮಗಳು ಎಂದರು. ಭೂಮಿತಾಯಿಯ ಉಳಿದ ಮಕ್ಕಳು ಏನೆನ್ನುತ್ತಾರೋ ನೋಡೋಣವೆಂದು ಈಗ ಅವಳು ಊರ ಕಡೆ ಬಂದಿದ್ದಳು.

“ಔಷಧ ಮೊದಲಿನಷ್ಟ ಐತಿ ಯಮ್ಮಾ,” ಎಂದಳು ಗಾಯತ್ರಿ ಹತ್ತಿರ ಬಂದು. “ಹಳೇದ್ರಾಗ ತುದಿಯಾಗ ಒಂದು ಹನಿ ಉಳದು ಹಾಳಾಗತಿತ್ತು. ಇದ್ರಾಗ ಅದೂ ಇಲ್ಲ.”

“ನಮ್ಮ ಕುರಿ ಡಾಕ್ಟ್ರು ಕುರಿಗಿ ಹಾಕೋ ಸೂಜಿ ಇಷ್ಟುದ್ದ ಇರತೈತಿ.” ಯಮನೂರಮ್ಮ ಮೊಣಕೈವರೆಗೆ ಅಳತೆ ತೋರಿಸಿದಳು. “ನಾ ಏನು ಕುರಿಕಿಂತ ಕಡಿಮಿ ಆದ್ನೇನವ್ವಾ?”

ಗಾಯತ್ರಿ ಓದಿದ ಯಾವ ಪುಸ್ತಕದಲ್ಲೂ ಈ ಪ್ರಶ್ನೆ ಬಂದಿರಲಿಲ್ಲ. ಆದರೂ ಬಿಡಲಿಲ್ಲ. “ಹಂಗಲ್ಲ ಯಮ್ಮಾ. ಪ್ಲಾಸ್ಟಿಕ್ ಕಡಿಮಿ ಆದ್ರ ಕಸ ಕಡಿಮಿ, ಹೊಗಿ ಕಡಿಮಿ. ಊರಿಗೆಲ್ಲ ಚಲೋ.”

“ಊರಿಗಿ ಚಲೋ ಇದ್ರ ಊರಿಗೇ ಹಾಕು ತಂಗಿ. ಸೊಂಟ ನೋಯಾಕತ್ತಿದ್ದು ನಂದು. ಪಾಮನಕಲ್ಲೂರಿನಿಂದ ಬಸ್ಸಿನಾಗ ನಿಂತು ಬಂದೀನಿ, ಗೊಂಬಿ ಆಟದ ಸೂಜಿ ಚುಚ್ಚಿಸ್ಕೊಂಡು ಹೋಗಲೇನು?”

ಹನುಮಂತರಾಯರು ನಗು ನುಂಗಿಕೊಂಡು ಕಪಾಟಿನಿಂದ ಹಳೆಯ ದೊಡ್ಡ ಸಿರಿಂಜು ತೆಗೆದರು. ಅದೇ ಔಷಧ, ಅಷ್ಟೇ ಔಷಧ. ದೊಡ್ಡ ಬಂಗಲೆಯ ಹಜಾರದಲ್ಲಿ ಕೂತ ಬಡನೆಂಟನಂತೆ ಅದು ಕೊಳವೆಯ ತಳದಲ್ಲಿ ಮುದುಡಿ ಕೂತಿತು. ಮೇಲೆಲ್ಲ ಖಾಲಿ. ಸೂಜಿ ಚುಚ್ಚಿದಾಗ ಯಮನೂರಮ್ಮ ಹಲ್ಲು ಕಚ್ಚಿ, “ಹಾಂ, ಈಗ ಹತ್ತಿತು ನೋಡ್ರಿ” ಎಂದಳು. ಹೊರಗೆ ಹೋಗುವಾಗ ಗಾಯತ್ರಿಯ ಗಲ್ಲ ಸವರಿ, “ಇನ್ನೊಂದಿಷ್ಟು ಓದು ತಂಗಿ, ದೊಡ್ಡದು ಮಾಡೋದು ಬರತೈತಿ” ಎಂದು ಹರಸಿಯೂ ಹೋದಳು.

“ನಿಮ್ಮ ಸಿರಿಂಜು ಚಲೋ ಐತಿ ಮೇಡಂ,” ಎಂದರು ಡಾಕ್ಟರು. “ಆದ್ರ ನಾ ಇದನ್ನ ಹಿಡಕೊಂಡು ಕುಂತ್ರ ಪೇಷಂಟು ಎದುರಿನ ದವಾಖಾನಿಗಿ ಹೋಗತಾರ. ಅಲ್ಲಿ ದೊಡ್ಡದು ಐತಿ.”

ಬಾಗಿಲ ಬಳಿ ನಿಂತಿದ್ದ ಹುಲಿಗೇಶ ತಲೆ ಕೆರೆದುಕೊಂಡ. ಈ ಭಾಗದಲ್ಲಿ ಕಂಪನಿಯ ಮಾಲು ಮಾರುವವನು ಅವನೇ. “ಸಿಂಧನೂರಿನಾಗೂ ಇದ ಕಥಿ ಮೇಡಂ. ಲಿಂಗಸುಗೂರಿನಾಗ ಒಬ್ರು, ಸ್ಯಾಂಪಲ್ ಸಣ್ಣದು ತಂದೀರಿ, ಖರೇ ಸಿರಿಂಜು ಯಾವಾಗ ಬರತೈತಿ ಅಂದ್ರು.”

“ಡಾಕ್ಟ್ರು ಒಂದೆರಡು ಮಾತು ತಿಳಿಸಿ ಹೇಳಿದ್ರ ಮಂದಿ ಒಪ್ಪತಾರ. ಕಂಪನಿಗೆ ಅದನ್ನ ಹೇಳು ಹುಲಿಗೇಶ,” ಎಂದಳು ಗಾಯತ್ರಿ.

ಹೇಳುತ್ತೇನೆ ಎಂದು ಹೋದ ಹುಲಿಗೇಶ ಏನು ಹೇಳಿದನೋ, ಕಂಪನಿ ಮಾತ್ರ ತಿಳಿಸಿ ಹೇಳುವ ತೊಂದರೆ ತೆಗೆದುಕೊಳ್ಳಲಿಲ್ಲ. ಸಣ್ಣ ಸಿರಿಂಜಿನ ಮೇಲೆ ದೊಡ್ಡದೊಂದು ಪ್ಲಾಸ್ಟಿಕ್ ಕವಚ ಕೂರಿಸಿಬಿಟ್ಟಿತು. ಗಾಯತ್ರಿ ಮೀಟಿಂಗಿನಲ್ಲೇ ಎದ್ದು ನಿಂತು ಜಗಳವಾಡಿದಳು. ನಿಮ್ಮ ವಿನ್ಯಾಸವನ್ನು ನಾವು ಮುಟ್ಟಿಯೇ ಇಲ್ಲ, ಮೇಲೊಂದು ಅಂಗಿ ತೊಡಿಸಿದ್ದೇವೆ ಅಷ್ಟೆ ಎಂದು ಮೇಲಿನವರು ಸಮಾಧಾನ ಹೇಳಿದರು. ಹಾಗಾದರೆ ನನ್ನ ಹೆಸರು ತೆಗೆಯಿರಿ ಎಂದಳು. ಅದು ಹೇಗಾಗುತ್ತದೆ, ಪರಿಸರ ಪ್ರಶಸ್ತಿಗೆ ನಿಮ್ಮ ಹೆಸರನ್ನೇ ಕಳಿಸಿದ್ದೇವಲ್ಲ ಎಂದರು.

ಮುಂದಿನ ಸಲ ಊರಿಗೆ ಹೊರಟವಳು ಮಸ್ಕಿಯಲ್ಲಿ ಇಳಿದಳು. ದವಾಖಾನೆಯಲ್ಲಿ ಹುಲಿಗೇಶ ಪೆಟ್ಟಿಗೆಗಟ್ಟಲೆ ಹೊಸ ಮಾಲು ಇಳಿಸುತ್ತಿದ್ದ. ಬಹಳ ಬೇಡಿಕೆ ಇದೆಯಂತೆ, ಎದುರಿನ ದವಾಖಾನೆಯವರೂ ಇದನ್ನೇ ಕೇಳುತ್ತಿದ್ದಾರಂತೆ. ಗಾಯತ್ರಿ ಒಂದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದಳು. ಹಳೆಯ ದೊಡ್ಡ ಸಿರಿಂಜಿಗಿಂತಲೂ ಭಾರವಾಗಿತ್ತು.

“ಈ ಕವಚಾನಾದ್ರೂ ಮತ್ತ ಬಳಸಾಕ ಬರತೈತೇನು?”

“ಇಲ್ರೀ ಮೇಡಂ, ಸೂಜಿ ಜೋಡಿ ಅದನ್ನೂ ಒಗದುಬಿಡೋದು.” ಅವಳ ಮುಖ ನೋಡಿ ಹುಲಿಗೇಶನಿಗೆ ಕನಿಕರವಾಯಿತು. ಸಮಾಧಾನಕ್ಕೆಂದು ಕವಚವನ್ನು ತಿರುಗಿಸಿ ತೋರಿಸಿದ. “ಆದ್ರ ಒಂದು ಅನುಕೂಲ ಆಗೈತಿ ನೋಡ್ರಿ. ನಿಮ್ಮ ಸಣ್ಣದ್ರಾಗ ಏನರ ಬರಿಯಾಕ ಜಾಗಾನ ಇದ್ದಿಲ್ಲ.”

ಕವಚದ ಮೈತುಂಬ ಹಸಿರು ಅಕ್ಷರಗಳಲ್ಲಿ ಅಚ್ಚಾಗಿತ್ತು: ‘ಪ್ಲಾಸ್ಟಿಕ್ ಮಿತವಾಗಿ ಬಳಸಿ.’