ಪಥ್ಯವಿಲ್ಲ

ಲಕ್ಕಿಸೊಪ್ಪು ಜಜ್ಜಿದ ವಾಸನೆಗೆ ಚನ್ನಕ್ಕನಿಗೆ ಅಜ್ಜಿಯ ನೆನಪಾಯಿತು. ಚಿಕ್ಕಂದಿನಲ್ಲಿ ಜ್ವರ ಬಂದಾಗಲೆಲ್ಲ ಅಜ್ಜಿ ಇದೇ ವಾಸನೆಯ ಕೈಯನ್ನು ಅವಳ ಹಣೆಯ ಮೇಲಿಡುತ್ತಿದ್ದಳು. ಚಿಕ್ಕಬಾಣಾವರದ ನಾಟಿ ವೈದ್ಯೆ ಸೊಣ್ಣಮ್ಮ ಸೊಪ್ಪಿನ ಕೈ ಒರೆಸಿಕೊಂಡು ಬಂದು, ಮನೆಯ ಮುಂದೆ ನಿಂತಿದ್ದ ಆಟೋದಲ್ಲಿ ಒರಗಿದ್ದ ಚನ್ನಕ್ಕನ ಗಂಡ ಸಿದ್ದಲಿಂಗನ ಹಳದಿಗಟ್ಟಿದ ಕಣ್ಣು ಬಿಡಿಸಿ ನೋಡಿದರು. ಹೊಟ್ಟೆಯನ್ನು ಮೆಲ್ಲಗೆ ಒತ್ತಿದರು.

ಇನ್ನೇನೂ ಮಾಡಲಾಗದು ಎಂದು ಆಸ್ಪತ್ರೆಯಲ್ಲಿ ಹೇಳಿಯಾಗಿತ್ತು. ಆದರೂ ಚನ್ನಕ್ಕ ಪಥ್ಯ ಬರೆದುಕೊಳ್ಳಲು ಚೀಟಿ, ಪೆನ್ನು ಹಿಡಿದು ನಿಂತಿದ್ದಳು. ಹೋದ ವರ್ಷ ಅವಳ ಮೈದುನನಿಗೆ ಕಾಮಾಲೆಯಾದಾಗ ಸೊಣ್ಣಮ್ಮ ಔಷಧಿ ಕೊಟ್ಟು, ನಲವತ್ತು ದಿನ ಉಪ್ಪು, ಹುಳಿ, ಎಣ್ಣೆ ಬಿಡಿಸಿದ್ದರು. ಪಥ್ಯ ಹೇಳದೆ ಅವರು ಯಾರಿಗೂ ಔಷಧಿ ಕೊಟ್ಟವರಲ್ಲ.

"ಉಪ್ಪೊಂದು ಬಿಡಸಬ್ಯಾಡ್ರಿ ಯವ್ವಾ," ಸಿದ್ದಲಿಂಗ ನಕ್ಕ. "ಇಕಿ ಅಡಗಿ ಉಪ್ಪು ಹಾಕಿದ್ರೂ ಸಪ್ಪಗ ಇರ್ತದ."

"ಏನೂ ಬಿಡ್ಬ್ಯಾಡ ಕಣಪ್ಪ. ಮನ್ಸು ಕೇಳಿದ್ದೆಲ್ಲ ತಿನ್ನು," ಎಂದರು ಸೊಣ್ಣಮ್ಮ.

"ಕೇಳಿದೇನ? ಪಥ್ಯನ ಇಲ್ಲಂತ!" ಹೆಂಡತಿಯ ಕಡೆ ತಿರುಗಿದ ಅವನ ಮುಖ ಅರಳಿತ್ತು.

ಚನ್ನಕ್ಕನ ಪೆನ್ನು ಖಾಲಿ ಚೀಟಿಯ ಮೇಲೆ ನಿಂತುಬಿಟ್ಟಿತು. ಅವಳು ಸೊಣ್ಣಮ್ಮನ ಹಿಂದೆಯೇ ಬಾಗಿಲವರೆಗೆ ಹೋದಳು. "ಎಣ್ಣಿ ಆದ್ರೂ ಬಿಡಸ್ರಿ," ಎಂದು ಪಿಸುಗುಟ್ಟಿದಳು. "ಏನಾರ ಒಂದು ಬಿಡಸ್ರಿ ಯವ್ವಾ."

ಸೊಣ್ಣಮ್ಮ ಒಳಗೆ ಹೋಗಿ, ತಮ್ಮ ಮಧ್ಯಾಹ್ನದ ಊಟಕ್ಕೆಂದು ಮಾಡಿಟ್ಟಿದ್ದ ಬಿಸಿ ಅನ್ನ, ಅವರೆಕಾಳಿನ ಸಾರನ್ನು ಡಬ್ಬಿಗೆ ತುಂಬಿ ತಂದು ಅವಳ ಕೈಗಿಟ್ಟರು.