ಮೇಜಿನ ಹಿಂದಿನ ಐರಿಶ್ ಜಿಗ್

ಪರದೆ ಸರಿದಾಗ ಅಕ್ಷಯಾ ಸೊಂಟದಿಂದ ಮೇಲಷ್ಟೇ ಜನಕ್ಕೆ ಕಂಡಳು. ಕೆಳಗೆಲ್ಲ ಅತಿಥಿಗಳ ಉದ್ದನೆಯ ಮೇಜು, ಅದಕ್ಕೆ ನೆಲ ಮುಟ್ಟುವ ಬಿಳಿ ಬಟ್ಟೆ.

"ಮೇಜು ತೆಗೆಸಿ ಸಾರ್, ಇದು ಬರೀ ಕಾಲಿನ ಡ್ಯಾನ್ಸು," ಎಂದು ಡ್ಯಾನ್ಸ್ ಕಲಿಸುವ ಮೈತ್ರಿ ಮಿಸ್, ಕಾರ್ಯಕ್ರಮ ನಡೆಸುತ್ತಿದ್ದ ಸಂಘದ ಕಾರ್ಯದರ್ಶಿಯನ್ನು ಗೋಗರೆದಿದ್ದಳು.

"ಸನ್ಮಾನ ಇನ್ನೂ ಬಾಕಿ ಇದೆ ಮೇಡಂ. ಹಾರ, ಶಾಲು ಎಲ್ಲಾ ನನ್ನ ತಲೆ ಮೇಲೆ ಇಟ್ಕೊಳ್ಲಾ? ಹಿಂದೇನೇ ಕುಣಿಸಿ."

ಸಾಲದ್ದಕ್ಕೆ ಅತಿಥಿಗಳ ಮರ್ಯಾದೆಗೆಂದು ವೇದಿಕೆಗೆ ದಪ್ಪ ಜಮಖಾನ ಬೇರೆ ಹಾಸಿದ್ದರು. ಸದ್ದು ಬರಲೆಂದು ಅಡಿಗೆ ತಗಡು ಹೊಡೆಸಿದ ಶೂನಲ್ಲಿ ಎಷ್ಟು ಕುಟ್ಟಿದರೂ ಅದು ಕಮಕ್ ಕಿಮಕ್ ಅನ್ನಲಿಲ್ಲ.

ಎದುರಿಗೆ ಅಪ್ಪ ಹಾಲೇಶ್ ಕೂತಿದ್ದ. ಭದ್ರಾವತಿಯ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ನೇರ ಶಿವಮೊಗ್ಗದ ಬಸ್ಸು ಹತ್ತಿ ಬಂದಿದ್ದು ಕುಣಿತ ಸವಿಯೋಕಲ್ಲ, ತೀರ್ಪು ಕೊಡೋಕೆ. "ಮೈ ಕುಣಿಸೋ ವಿದ್ಯೆ ನಮ್ಮನೇಲಿ ಬೇಡ. ಒಂದ್ಸಲ ನೋಡ್ತೀನಿ. ಸರಿ ಕಾಣ್ಲಿಲ್ವೋ, ಅವತ್ತಿಗೇ ಕ್ಲಾಸ್ ಬಂದ್," ಅಂದಿದ್ದ.

ಪಾಪ, ಹುಡುಗಿ ಜೀವ ತೇಯ್ದು ಕುಣಿದಳು. ಕಾಲ್ತುದಿಯಿಂದ ಮುಂದಕ್ಕೆ ತಟ್ಟಿ, ಹಿಂದಕ್ಕೆ ಸವರಿ, ಒಂಟಿಕಾಲಲ್ಲಿ ಪುಟ್ಟದಾಗಿ ಹಾರಿ ಇನ್ನೊಂದು ಕಾಲೂರಬೇಕು. ಜಿಗ್ ಅನ್ನೋ ಆ ಕುಣಿತದ ಮೊದಲ ಹೆಜ್ಜೆಯೇ ಇಷ್ಟು. ಕಲಿಯೋಕೆ ಮಳೆಗಾಲವಿಡೀ ಹಿಡಿದಿತ್ತು. ಆದರೆ ಐರಿಶ್ ಜನರ ಕಟ್ಟಳೆ ನೋಡಿ: ಕೈ ಪಕ್ಕಕ್ಕೆ ಅಂಟಿಕೊಂಡಿರಬೇಕು, ಬೆನ್ನು ಬಾಗಬಾರದು. ಕುಣಿತವೆಲ್ಲ ಮೇಜಿನ ಕೆಳಗೇ ಆಗಿಹೋಯಿತು. ಮೇಲೆ ಕಂಡಿದ್ದು ಅಟೆನ್ಷನ್‌ನಲ್ಲಿ ನಿಂತು ಆಗಾಗ ತುಸು ಬೆಚ್ಚಿಬೀಳುವ ಹುಡುಗಿ.

ಮುಖ್ಯ ಅತಿಥಿ ಗಂಗಾಧರಪ್ಪನವರು ಮೈಕು ಹಿಡಿದರು. "ಈಗಿನ ಕಾಲದಲ್ಲಿ ಇಂಥ ಶಿಸ್ತು ಎಲ್ಲಿದೆ ಸ್ವಾಮಿ? ಅಷ್ಟು ಜೋರು ಮ್ಯೂಸಿಕ್ಕಿಗೂ ಮಗು ಕೈ ಅಲ್ಲಾಡಿಸಲಿಲ್ಲ!" ಚಪ್ಪಾಳೆಯೋ ಚಪ್ಪಾಳೆ. ಮಿಕ್ಕಿದ್ದ ಒಂದು ಶಾಲನ್ನು ಅವಳಿಗೂ ಹೊದಿಸಿದರು.

ಬಸ್ ಸ್ಟ್ಯಾಂಡಿನಲ್ಲಿ ಹಾಲೇಶನನ್ನು ಹಿಡಿಯುವವರೇ ಇಲ್ಲ. "ಡ್ಯಾನ್ಸು ಅಂದ್ರೆ ನಾನು ಏನೇನೋ ಅಂದ್ಕೊಂಡಿದ್ದೆ ಮಾರಾಯ್ತಿ. ಧಾರಾಳವಾಗಿ ಕಲಿ. ಎಷ್ಟು ವರ್ಷ ಬೇಕಾದ್ರೂ ಕಲಿ!"

ಅಕ್ಷಯಾಗೆ ಬೇಕಾಗಿದ್ದದ್ದು ಸಿಕ್ಕಿತ್ತು. ಸಂತೋಷವಾಗುವ ಬದಲು ಅಳು ಬಂತು. "ನೀನು ನೋಡ್ಲೇ ಇಲ್ಲಪ್ಪ! ಎಲ್ಲಾ ಕಾಲಲ್ಲಿತ್ತು. ಇರು, ತೋರಿಸ್ತೀನಿ," ಎಂದವಳೇ ಅಲ್ಲೇ ಸಿಮೆಂಟಿನ ಮೇಲೆ ಶುರುಮಾಡಿದಳು. ಟಕಟಕ ಸದ್ದಿಗೆ ಬಸ್ಸು ಕಾಯುತ್ತಿದ್ದವರೆಲ್ಲ ತಿರುಗಿದರು.

ಹಾಲೇಶ್ ಗಾಬರಿಯಾಗಿ ಅವಳ ಎರಡೂ ಭುಜ ಒತ್ತಿ ಹಿಡಿದು ನಿಲ್ಲಿಸಿದ.

"ಅಯ್ಯೋ, ಕಾಲು ಯಾರಿಗೆ ಬೇಕೇ? ಸ್ಟೇಜಲ್ಲಿ ನಿಂತಿದ್ಯಲ್ಲ, ಅದು ವಿದ್ಯೆ. ನಾಳೆ ಗಂಡಿನ ಕಡೆಯೋರು ಬಂದಾಗ ಹಂಗೇ ನಿಂತ್ಬಿಡು, ಸಾಕು."