ಆಯಿ ಒತ್ತಿದ ಅಂಚು

ಕುಕ್ಕರಿನ ಮುಚ್ಚಳ ತೆಗೆದಾಗ ಏಳುವ ಅಕ್ಕಿಹಿಟ್ಟಿನ ಹಬೆ ಇವತ್ತಿಗೂ ನನ್ನನ್ನು ಯಂಕಂಚಿಯ ನಮ್ಮ ಅಡುಗೆಮನೆಗೆ ಒಯ್ಯುತ್ತದೆ.

ಅಂದು ಸಿಂದಗಿಯಿಂದ ಹೊಸ ಅಳಿಯಂದಿರು ಊಟಕ್ಕೆ ಬರುವವರಿದ್ದರು. ಅವ್ವ ಬೇಯಿಸಿದ ಖೀಮಾ ಕಡಬೆಲ್ಲ ಒಡೆದು ಮಸಾಲೆ ಹೊರಬಂದಿತ್ತು. ಅವ್ವ ತಲೆ ಮೇಲೆ ಕೈ ಹೊತ್ತು ಕುಳಿತಳು.

ಅಪ್ಪನ ತಾಯಿ, ನಮ್ಮ ಆಯಿ, ತುಳಸಿಮಾಲೆ ಹಾಕಿಕೊಂಡು ಮಾಂಸ ಬಿಟ್ಟು ವರ್ಷಗಳಾಗಿದ್ದವು. ಆಕೆ ಮಾಲೆಯನ್ನು ಬೆನ್ನಿಗೆ ಸರಿಸಿ ಒಲೆಯ ಮುಂದೆ ಕುಳಿತಳು.

“ಬ್ಯಾಡ್ರಿ ಅತ್ತಿ,” ಎಂದಳು ಅವ್ವ.

“ತಿನ್ನಂಗಿಲ್ಲ ಅಂದೇನಿ, ಮಾಡಂಗಿಲ್ಲ ಅಂದಿಲ್ಲ. ಹಿಟ್ಟು ತಾ.”

ಒದ್ದೆ ಬೆರಳಿನಿಂದ ತೆಳ್ಳಗೆ ತಟ್ಟಿ, ಖೀಮಾ ತುಂಬಿ, ಅಂಚಿಗೆ ನಿರಿಗೆ ಹಿಡಿದಳು. ಹಬೆಯಲ್ಲಿ ಒಂದೂ ಬಾಯಿ ಬಿಡಲಿಲ್ಲ.

ಅಳಿಯಂದಿರು ಎರಡೆರಡು ಸಲ ಹಾಕಿಸಿಕೊಂಡರು. ಆಯಿ ಮತ್ತೆ ಸ್ನಾನ ಮಾಡಿ, ದೂರ ಕುಳಿತು ಮೊಸರು ರೊಟ್ಟಿ ತಿನ್ನುತ್ತ ನನ್ನನ್ನು ಮೆಲ್ಲಗೆ ಕೇಳಿದಳು:

“ಉಪ್ಪು ಸರಿ ಐತೇನು?”